ಕೋಶದೊಳಗೆ ಸುದ್ದಿ ಸಾಗುವ ಬಗೆ: ಸಹಜ ರೋಗನಿರೋಧಕ ಪ್ರತಿಕ್ರಿಯೆಯ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಸಹಜ ರೋಗನಿರೋಧಕ ಪ್ರತಿಕ್ರಿಯೆ ಎಂದರೆ ಏನು?

ಬರಿಗಾಲಲ್ಲಿ ನಡೆಯುವಾಗ ಜಾಲಿಮುಳ್ಳು ಮುರಿದು ಅಂಗಾಲಿನಲ್ಲಿ ಉಳಿದರೆ ಕೆಲವೇ ಗಂಟೆಗಳಲ್ಲಿ ಆ ಜಾಗ ಕೆಂಪಾಗಿ, ಬಿಸಿಯಾಗಿ, ಊದಿಕೊಂಡು ನೋಯತೊಡಗುತ್ತದೆ. ಒಂದೆರಡು ದಿನಗಳಲ್ಲಿ ಕೀವು ಕಟ್ಟುತ್ತದೆ. ಮುಳ್ಳಿನ ಜೊತೆ ಬಂದ ಬ್ಯಾಕ್ಟೀರಿಯಾವನ್ನು ದೇಹ ಮೊದಲೇ ಕಂಡಿರಬೇಕಾಗಿಲ್ಲ, ಅದರ ವಿರುದ್ಧ ಪ್ರತಿಕಾಯಗಳು ತಯಾರಾಗುವವರೆಗೆ ಕಾಯಬೇಕಾಗಿಯೂ ಇಲ್ಲ. ಹೀಗೆ ಹುಟ್ಟಿನಿಂದಲೇ ಬಂದಿರುವ, ಮೊದಲ ಭೇಟಿಯಲ್ಲೇ ಕೆಲಸಕ್ಕಿಳಿಯುವ ರಕ್ಷಣೆಗೆ ಸಹಜ ರೋಗನಿರೋಧಕ ಪ್ರತಿಕ್ರಿಯೆ ಎನ್ನುತ್ತಾರೆ. ಬಿ ಮತ್ತು ಟಿ ಲಿಂಫೊಸೈಟ್‌ಗಳೆಂಬ ಬಿಳಿ ರಕ್ತಕೋಶಗಳು ನಡೆಸುವ, ನೆನಪಿಟ್ಟುಕೊಳ್ಳುವ ಆರ್ಜಿತ ರೋಗನಿರೋಧಕತೆ ಮೊದಲ ಸೋಂಕಿನಲ್ಲಿ ಪೂರ್ತಿ ಸಜ್ಜಾಗಲು ಹಲವು ದಿನಗಳೇ ಬೇಕು.

ಮುಳ್ಳಿನ ಉದಾಹರಣೆಗೆ ಚರಿತ್ರೆಯಲ್ಲೂ ಸ್ಥಾನವಿದೆ. 1882ರಲ್ಲಿ ಸಿಸಿಲಿಯ ಮೆಸ್ಸಿನಾದಲ್ಲಿದ್ದ ಜೀವವಿಜ್ಞಾನಿ ಇಲ್ಯಾ ಮೆಚ್ನಿಕಾಫ್, ಪಾರದರ್ಶಕವಾದ ನಕ್ಷತ್ರಮೀನಿನ ಲಾರ್ವಾಕ್ಕೆ ಸಣ್ಣ ಮುಳ್ಳುಗಳನ್ನು ಚುಚ್ಚಿಟ್ಟು ಮರುದಿನ ಬೆಳಿಗ್ಗೆ ನೋಡಿದಾಗ, ಅವುಗಳ ಸುತ್ತ ಅಲೆದಾಡುವ ಕೋಶಗಳು ಮುತ್ತಿಕೊಂಡಿದ್ದವು. ಅನ್ಯವಸ್ತುವನ್ನು ನುಂಗುವ ಕೋಶಗಳ ಕಲ್ಪನೆ ಅಲ್ಲಿಂದ ಬೆಳೆಯಿತು. 1908ರ ನೊಬೆಲ್ ಪ್ರಶಸ್ತಿಯನ್ನು ಅವರು ಪಾಲ್ ಎರ್ಲಿಖ್ ಜೊತೆ ಹಂಚಿಕೊಂಡರು. ಆ ಕೋಶಗಳಿಗೆ ಮುಳ್ಳು ಹೊಕ್ಕ ಸುದ್ದಿ ತಲುಪಿದ್ದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಸಿಗಲು ಮಾತ್ರ ನೂರಕ್ಕೂ ಹೆಚ್ಚು ವರ್ಷ ಹಿಡಿಯಿತು.

ಪದಬಳಕೆಯ ಬಗ್ಗೆ ಒಂದು ಮಾತು. ಕನ್ನಡದಲ್ಲಿ ‘ರೋಗನಿರೋಧಕ ಶಕ್ತಿ’ ಎನ್ನುವುದೇ ರೂಢಿ. ‘ಶಕ್ತಿ’ ಎಂದ ಕೂಡಲೇ ಅದು ಅಳೆದು ಹೆಚ್ಚಿಸಬಹುದಾದ ಪದಾರ್ಥ, ಹೆಚ್ಚಿದ್ದಷ್ಟೂ ಒಳ್ಳೆಯದು ಎಂಬ ಭಾವನೆ ಮೂಡುತ್ತದೆ. ಮುಂದಿನ ಉತ್ತರಗಳಲ್ಲಿ ಕಾಣುವ ವ್ಯವಸ್ಥೆಗೆ ಆ ಮಾತು ಹೊಂದುವುದಿಲ್ಲವಾದ್ದರಿಂದ ಇಲ್ಲಿ ಅದನ್ನು ಬೇಕೆಂದೇ ದೂರವಿಟ್ಟಿದ್ದೇವೆ.

‘ಸಂಕೇತ ಪಥ’ ಎಂದು ಯಾವುದನ್ನು ಕರೆಯುತ್ತಾರೆ?

ಕೋಶದ ಹೊರಮೈಯಲ್ಲಿ ನಡೆದ ಘಟನೆಯ ಸುದ್ದಿ ಒಳಗಿರುವ ಕೋಶಕೇಂದ್ರವನ್ನು ತಲುಪಿ, ಅಲ್ಲಿನ ಡಿಎನ್‌ಎಯಲ್ಲಿ ತಕ್ಕ ವಂಶವಾಹಿಗಳು ಓದಲ್ಪಡುವವರೆಗಿನ ಸರಪಣಿಯನ್ನು ಸಂಕೇತ ಪಥ ಎನ್ನುತ್ತಾರೆ. ಓಲೆಕಾರನಂತೆ ಒಬ್ಬನೇ ಓಡಿಹೋಗಿ ಸುದ್ದಿ ಮುಟ್ಟಿಸುವ ಕ್ರಮ ಇಲ್ಲಿ ಅಪರೂಪ. ಒಂದು ಪ್ರೋಟೀನ್ ಆಕಾರ ಬದಲಿಸಿ ಪಕ್ಕದ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ. ಅದು ಮತ್ತೊಂದಕ್ಕೆ ಫಾಸ್ಫೇಟ್ ಗುಂಪನ್ನು ಅಂಟಿಸುತ್ತದೆ. ಅಂಟಿದ ಫಾಸ್ಫೇಟ್ ಆ ಪ್ರೋಟೀನಿನ ನಡವಳಿಕೆಯನ್ನೇ ಬದಲಿಸುತ್ತದೆ. ಫಾಸ್ಫೇಟ್ ಅಂಟಿಸುವ ಕಿಣ್ವಗಳಿಗೆ ಕೈನೇಸ್ ಎಂದು ಹೆಸರು. ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನನ್ನು ಸರದಂತೆ ಪೋಣಿಸುವುದು ಇನ್ನೊಂದು ವಿಧಾನ: ಒಂದು ರೀತಿಯಲ್ಲಿ ಪೋಣಿಸಿದರೆ ಅದು ಬೇರೆ ಪ್ರೋಟೀನುಗಳು ಬಂದು ಸೇರುವ ಅಟ್ಟಣಿಗೆಯಾಗುತ್ತದೆ, ಇನ್ನೊಂದು ರೀತಿಯಲ್ಲಿ ಪೋಣಿಸಿದರೆ ಆ ಪ್ರೋಟೀನನ್ನು ಚೂರು ಮಾಡಬೇಕೆಂಬ ಗುರುತಾಗುತ್ತದೆ. ಹೆಚ್ಚಿನ ಪಥಗಳು ಈ ಎರಡು ಕುಶಲತೆಗಳ ಮೇಲೆಯೇ ನಿಂತಿವೆ.

ಹಿಂದೆಂದೂ ಕಾಣದ ರೋಗಾಣುವನ್ನು ಕೋಶ ಗುರುತಿಸುವುದು ಹೇಗೆ?

1989ರಲ್ಲಿ ಯೇಲ್ ವಿಶ್ವವಿದ್ಯಾಲಯದ ಚಾರ್ಲ್ಸ್ ಜೇನ್‌ವೇ ಈ ಪ್ರಶ್ನೆಗೆ ತರ್ಕದಿಂದಲೇ ಒಂದು ಉತ್ತರ ಮುಂದಿಟ್ಟರು. ಶುದ್ಧ ಪ್ರೋಟೀನನ್ನಷ್ಟೇ ಚುಚ್ಚಿದರೆ ಪ್ರಾಣಿಗಳಲ್ಲಿ ಒಳ್ಳೆಯ ಪ್ರತಿಕ್ರಿಯೆ ಏಳುವುದಿಲ್ಲ, ಅದರ ಜೊತೆ ಸತ್ತ ಬ್ಯಾಕ್ಟೀರಿಯಾದಂಥ ವಸ್ತುವನ್ನು ಬೆರೆಸಲೇಬೇಕು ಎಂಬುದು ಆ ಕ್ಷೇತ್ರದ ಎಲ್ಲರಿಗೂ ಗೊತ್ತಿತ್ತು, ಆದರೆ ಕಾರಣ ಯಾರಿಗೂ ಗೊತ್ತಿರಲಿಲ್ಲ. ಇದನ್ನು ಅವರು ರೋಗನಿರೋಧಶಾಸ್ತ್ರಜ್ಞರ ಕೊಳಕು ಗುಟ್ಟು ಎಂದೇ ಕರೆದರು. ಸೂಕ್ಷ್ಮಾಣುಗಳಲ್ಲಿ ಮಾತ್ರ ಇರುವ, ನಮ್ಮ ಕೋಶಗಳಲ್ಲಿಲ್ಲದ, ಬಿಟ್ಟರೆ ಸೂಕ್ಷ್ಮಾಣು ಬದುಕಲಾರದಂಥ ಕೆಲವು ರಚನೆಗಳನ್ನು ಗುರುತಿಸುವ ಗ್ರಾಹಕಗಳು ನಮ್ಮ ವಂಶವಾಹಿಗಳಲ್ಲೇ ಬರೆದಿರಬೇಕು ಎಂಬುದು ಅವರ ಊಹೆಯಾಗಿತ್ತು.

ಆ ಊಹೆ ನಿಜವಾಯಿತು. ಮನುಷ್ಯರಲ್ಲಿ ಟೋಲ್ ಮಾದರಿಯ ಗ್ರಾಹಕಗಳು, ಅಂದರೆ ಟಿಎಲ್‌ಆರ್‌ಗಳು, ಹತ್ತು ಇವೆ. ಟಿಎಲ್‌ಆರ್4 ಕೆಲವು ಬ್ಯಾಕ್ಟೀರಿಯಾಗಳ ಹೊರಪೊರೆಯಲ್ಲಿರುವ ಲೈಪೊಪಾಲಿಸ್ಯಾಕರೈಡ್ ಎಂಬ ಕೊಬ್ಬು–ಸಕ್ಕರೆಯ ವಸ್ತುವನ್ನು ಗುರುತಿಸುತ್ತದೆ. ಟಿಎಲ್‌ಆರ್5 ಬ್ಯಾಕ್ಟೀರಿಯಾ ಈಜಲು ಬಳಸುವ ಚಾವಟಿಯ ಪ್ರೋಟೀನನ್ನು, ಟಿಎಲ್‌ಆರ್3 ಎರಡೆಳೆಯ ಆರ್‌ಎನ್‌ಎಯನ್ನು, 7 ಮತ್ತು 8 ಒಂದೆಳೆಯ ಆರ್‌ಎನ್‌ಎಯನ್ನು, 9 ಬ್ಯಾಕ್ಟೀರಿಯಾ ಮತ್ತು ವೈರಸ್‌ಗಳ ಡಿಎನ್‌ಎಯನ್ನು. ಇವು ಎಲ್ಲಿ ನೆಲೆಸಿವೆ ಎಂಬುದೂ ಅಷ್ಟೇ ಮುಖ್ಯ. ಆರ್‌ಎನ್‌ಎ, ಡಿಎನ್‌ಎಗಳನ್ನು ಹಿಡಿಯುವವು ಕೋಶದ ಹೊರಮೈಯಲ್ಲಿ ನಿಲ್ಲದೆ, ನುಂಗಿದ್ದು ಜೀರ್ಣವಾಗುವ ಒಳಚೀಲಗಳಲ್ಲಿ ಕಾದಿರುತ್ತವೆ. ಅವು ಹೊರಗೆ ನಿಂತಿದ್ದರೆ, ನಮ್ಮದೇ ಸತ್ತ ಕೋಶಗಳಿಂದ ಸೋರಿದ ಡಿಎನ್‌ಎಗೂ ಕೂಗೆಬ್ಬಿಸುವ ಅಪಾಯವಿತ್ತು.

‘ಟೋಲ್’ ಎಂಬ ಹೆಸರು ಎಲ್ಲಿಂದ ಬಂತು?

ಹೆದ್ದಾರಿಯ ಟೋಲ್‌ಗೂ ಇದಕ್ಕೂ ಸಂಬಂಧವಿಲ್ಲ. ಜರ್ಮನ್ ಭಾಷೆಯಲ್ಲಿ ‘ಟೋಲ್’ ಎಂದರೆ ‘ಭಲೇ’ ಎಂಬಂಥ ಉದ್ಗಾರ. 1980ರ ದಶಕದಲ್ಲಿ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್ ಮತ್ತು ಅವರ ಸಹೋದ್ಯೋಗಿಗಳು ಹಣ್ಣುನೊಣದ ಭ್ರೂಣದಲ್ಲಿ ಬೆನ್ನು ಯಾವ ಕಡೆ, ಹೊಟ್ಟೆ ಯಾವ ಕಡೆ ಎಂಬುದನ್ನು ನಿರ್ಧರಿಸುವ ಒಂದು ವಂಶವಾಹಿಗೆ ಈ ಹೆಸರನ್ನಿಟ್ಟರು. ರೋಗಕ್ಕೂ ಅದಕ್ಕೂ ಏನಾದರೂ ನಂಟಿದೆಯೆಂದು ಆಗ ಯಾರೂ ಎಣಿಸಿರಲಿಲ್ಲ.

1996ರಲ್ಲಿ ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಜೂಲ್ಸ್ ಹಾಫ್‌ಮನ್ ಅವರ ಪ್ರಯೋಗಾಲಯದ ಬ್ರೂನೊ ಲೆಮೇಟರ್ ಮತ್ತು ಸಂಗಡಿಗರು, ಟೋಲ್ ಪಥ ಕೆಟ್ಟಿರುವ ನೊಣಗಳಿಗೆ ಆಸ್ಪರ್‌ಜಿಲಸ್ ಎಂಬ ಶಿಲೀಂಧ್ರದ ಸೋಂಕು ತಗುಲಿಸಿದರು. ನೊಣಗಳು ಕೆಲವೇ ದಿನಗಳಲ್ಲಿ ಸತ್ತವು. ಮೈತುಂಬ ಬೂಷ್ಟಿನ ಎಳೆಗಳು ಬೆಳೆದ ಸತ್ತ ನೊಣದ ಆ ಚಿತ್ರ ಇಂದಿಗೂ ಪಠ್ಯಪುಸ್ತಕಗಳಲ್ಲಿ ಬರುತ್ತದೆ. ಮೈಯ ಆಕಾರಕ್ಕೆ ಬಳಸಿದ ಪಥವನ್ನೇ ಬೆಳೆದ ನೊಣ ರಕ್ಷಣೆಗೂ ಬಳಸುತ್ತಿತ್ತು. ಮರುವರ್ಷ ಜೇನ್‌ವೇ ಮತ್ತು ರುಸ್ಲಾನ್ ಮೆಡ್ಜಿಟಾವ್ ಅವರ ತಂಡ ಮನುಷ್ಯರಲ್ಲೂ ಟೋಲ್ ಮಾದರಿಯ ಪ್ರೋಟೀನ್ ಇದೆಯೆಂದು ತೋರಿಸಿತು. ಅದು ಹಿಡಿಯುವುದು ಏನನ್ನು ಎಂಬ ಪ್ರಶ್ನೆ ಉಳಿದಿತ್ತು.

ಉತ್ತರ ಬಂದದ್ದು ಬೇರೊಂದು ದಾರಿಯಿಂದ. ಸಿ3ಎಚ್/ಎಚ್‌ಇಜೆ ಎಂಬ ಒಂದು ತಳಿಯ ಇಲಿಗಳು ಲೈಪೊಪಾಲಿಸ್ಯಾಕರೈಡನ್ನು ಎಷ್ಟು ಚುಚ್ಚಿದರೂ ಜಗ್ಗುತ್ತಿರಲಿಲ್ಲ. ಆದರೆ ಜೀವಂತ ಬ್ಯಾಕ್ಟೀರಿಯಾ ಕೆಲವೇ ಹೊಕ್ಕರೂ ಸಾಯುತ್ತಿದ್ದವು. ಅಮೆರಿಕದ ಡಲ್ಲಾಸ್‌ನಲ್ಲಿ ಬ್ರೂಸ್ ಬ್ಯೂಟ್ಲರ್ ಅವರ ತಂಡ ವರ್ಷಗಟ್ಟಲೆ ವರ್ಣತಂತುವನ್ನು ಜಾಲಾಡಿ, ದೋಷವಿರುವುದು ಟಿಎಲ್‌ಆರ್4ರಲ್ಲಿ ಎಂದು 1998ರಲ್ಲಿ ಪ್ರಕಟಿಸಿತು. ಇಡೀ ಪ್ರೋಟೀನಿನಲ್ಲಿ 712ನೆಯ ಸ್ಥಾನದ ಪ್ರೋಲಿನ್ ಬದಲು ಹಿಸ್ಟಿಡಿನ್ ಇತ್ತು, ಅಷ್ಟೇ. ಲೈಪೊಪಾಲಿಸ್ಯಾಕರೈಡ್ ಎಂಬ ವಿಷದಿಂದ ನಮಗೆ ತೊಂದರೆಯಾಗುವುದಕ್ಕೂ ಬ್ಯಾಕ್ಟೀರಿಯಾದಿಂದ ನಾವು ಉಳಿಯುವುದಕ್ಕೂ ಕಾರಣ ಒಂದೇ ಪಥ ಎಂಬುದು ಈ ಇಲಿಗಳಿಂದ ಸ್ಪಷ್ಟವಾಯಿತು. ಹಾಫ್‌ಮನ್ ಮತ್ತು ಬ್ಯೂಟ್ಲರ್ 2011ರ ನೊಬೆಲ್ ಪ್ರಶಸ್ತಿಯ ಅರ್ಧವನ್ನು ಪಡೆದರು. ಜೇನ್‌ವೇ 2003ರಲ್ಲೇ ತೀರಿಕೊಂಡಿದ್ದರು.

ಟಿಎಲ್‌ಆರ್4ಕ್ಕೆ ಬ್ಯಾಕ್ಟೀರಿಯಾದ ಚೂರು ಸಿಕ್ಕ ಮೇಲೆ ಒಳಗೆ ಏನು ನಡೆಯುತ್ತದೆ?

ರಕ್ತದಲ್ಲಿರುವ ಒಂದು ಪ್ರೋಟೀನ್ ಲೈಪೊಪಾಲಿಸ್ಯಾಕರೈಡ್ ಅಣುವನ್ನು ಎತ್ತಿಕೊಂಡು ಕೋಶದ ಹೊರಮೈಯಲ್ಲಿರುವ ಸಿಡಿ14 ಎಂಬ ಪ್ರೋಟೀನಿಗೆ ಒಪ್ಪಿಸುತ್ತದೆ. ಸಿಡಿ14 ಅದನ್ನು ಟಿಎಲ್‌ಆರ್4ರ ಜೊತೆಗಾರನಾದ ಎಂಡಿ-2 ಎಂಬ ಪ್ರೋಟೀನಿನ ಗುಳಿಯೊಳಗೆ ಕೂರಿಸುತ್ತದೆ. ಆಗ ಎರಡು ಟಿಎಲ್‌ಆರ್4ಗಳು ಒಂದನ್ನೊಂದು ಸೇರಿ, ಪೊರೆಯ ಒಳಭಾಗದಲ್ಲಿರುವ ಅವುಗಳ ಬಾಲಗಳು ಹತ್ತಿರವಾಗುತ್ತವೆ. ಬಾಲಗಳ ಜೋಡಿಗೆ ಮೈಡಿ88 ಎಂಬ ಪ್ರೋಟೀನ್ ಬಂದು ಅಂಟುತ್ತದೆ, ಅದರ ಮೇಲೆ ಐರಾಕ್4 ಮತ್ತು ಅದರ ಬಳಗದ ಕೈನೇಸ್‌ಗಳು ಸುರುಳಿ ಮೆಟ್ಟಿಲಿನಂತೆ ಪೇರಿಸಿಕೊಳ್ಳುತ್ತವೆ. ಅಲ್ಲಿಂದ ಟ್ರಾಫ್6 ಎಂಬ ಕಿಣ್ವ ಯುಬಿಕ್ವಿಟಿನ್ ಸರಗಳನ್ನು ಪೋಣಿಸುತ್ತದೆ. ಆ ಸರಗಳ ಮೇಲೆ ಟಾಕ್1 ಎಂಬ ಕೈನೇಸ್ ಬಂದು ನೆಲೆಸಿ, ಮುಂದಿನ ಕೈನೇಸ್ ಕೂಟವಾದ ಐಕೆಕೆಯನ್ನು ಎಚ್ಚರಿಸುತ್ತದೆ.

ಕಥೆಯ ಕೇಂದ್ರಪಾತ್ರ ಬರುವುದು ಇಲ್ಲಿ. ಎನ್‌ಎಫ್-ಕಪ್ಪಾಬಿ ಎಂಬ ಪ್ರೋಟೀನನ್ನು 1986ರಲ್ಲಿ ರಂಜನ್ ಸೇನ್ ಮತ್ತು ಡೇವಿಡ್ ಬಾಲ್ಟಿಮೋರ್ ಬಿ ಕೋಶಗಳಲ್ಲಿ ಗುರುತಿಸಿದ್ದರು. ಪ್ರತಿಕಾಯದ ಕಪ್ಪಾ ಸರಪಣಿಯ ವಂಶವಾಹಿಗೆ ಅಂಟುವುದೆಂಬ ಕಾರಣಕ್ಕೆ ಬಂದ ಆ ಹೆಸರು ಈಗ ದಾರಿ ತಪ್ಪಿಸುವಂಥದು, ಏಕೆಂದರೆ ಅದು ದೇಹದ ಬಹುತೇಕ ಎಲ್ಲ ಕೋಶಗಳಲ್ಲೂ ಇದೆ. ಅದನ್ನು ಹೊಸದಾಗಿ ತಯಾರಿಸಬೇಕಾಗಿಲ್ಲ. ಮೊದಲೇ ತಯಾರಾಗಿ, ಐಕಪ್ಪಾಬಿ ಎಂಬ ಕಾವಲಿನ ಪ್ರೋಟೀನ್ ಹಿಡಿದಿಟ್ಟುಕೊಂಡಿರುವುದರಿಂದ ಕೋಶಕೇಂದ್ರದ ಹೊರಗೇ ಉಳಿದಿರುತ್ತದೆ. ಐಕೆಕೆ ಆ ಕಾವಲಿನ ಪ್ರೋಟೀನಿಗೆ ಎರಡು ಕಡೆ ಫಾಸ್ಫೇಟ್ ಅಂಟಿಸುತ್ತದೆ; ಅದನ್ನು ಕಂಡ ಕೂಡಲೇ ಇನ್ನೊಂದು ಕಿಣ್ವ ಯುಬಿಕ್ವಿಟಿನ್ ಗುರುತು ಹಾಕುತ್ತದೆ; ಗುರುತು ಬಿದ್ದ ಕಾವಲುಗಾರ ಪ್ರೋಟಿಯಸೋಮ್ ಎಂಬ ಗಿರಣಿಯಲ್ಲಿ ಚೂರಾಗುತ್ತದೆ. ಬಿಡುಗಡೆಯಾದ ಎನ್‌ಎಫ್-ಕಪ್ಪಾಬಿ ಕೋಶಕೇಂದ್ರವನ್ನು ಹೊಕ್ಕು ಟಿಎನ್‌ಎಫ್, ಇಂಟರ್‌ಲ್ಯೂಕಿನ್-6, ಇಂಟರ್‌ಲ್ಯೂಕಿನ್-1 ಬೀಟಾದಂಥ ಉರಿಯೂತದ ಸೈಟೊಕೈನ್‌ಗಳ, ಅಂದರೆ ಕೋಶಗಳು ಪರಸ್ಪರ ಸುದ್ದಿ ಕಳುಹಿಸಲು ಹೊರಬಿಡುವ ಪ್ರೋಟೀನುಗಳ, ವಂಶವಾಹಿಗಳನ್ನು ಓದಿಸುತ್ತದೆ. ಹೊರಗೆ ಚೂರು ಸಿಕ್ಕ ಕ್ಷಣದಿಂದ ಇಲ್ಲಿಗೆ ಬರಲು ಸಾಮಾನ್ಯವಾಗಿ ಅರ್ಧ ಗಂಟೆಯಷ್ಟು ಸಾಕು.

ಟಿಎಲ್‌ಆರ್4ರ ವಿಶೇಷವೆಂದರೆ ಅಲ್ಲಿಗೇ ನಿಲ್ಲುವುದಿಲ್ಲ. ಕೋಶ ಆ ಗ್ರಾಹಕವನ್ನು ಒಳಗೆಳೆದುಕೊಂಡಾಗ ಚೀಲದೊಳಗಿನಿಂದ ಅದು ಟ್ರಿಫ್ ಎಂಬ ಬೇರೊಂದು ಪ್ರೋಟೀನಿನ ಮೂಲಕ ಎರಡನೆಯ ಸುದ್ದಿ ಕಳುಹಿಸುತ್ತದೆ. ಈ ಕವಲು ವಂಶವಾಹಿಗಳನ್ನು ಓದಿಸುವ ಐಆರ್‌ಎಫ್3 ಎಂಬ ಪ್ರೋಟೀನನ್ನು ಎಬ್ಬಿಸಿ, ನೆರೆಕೋಶಗಳನ್ನು ವೈರಸ್ ವಿರುದ್ಧ ಎಚ್ಚರಿಸುವ ಇಂಟರ್‌ಫೆರಾನ್ ಬೀಟಾವನ್ನು ತಯಾರಿಸುತ್ತದೆ. ಒಂದೇ ಗ್ರಾಹಕ ನಿಂತ ಜಾಗ ಬದಲಾದರೆ ಹೇಳುವ ಮಾತೂ ಬದಲಾಗುತ್ತದೆ.

ಇಷ್ಟೊಂದು ಹಂತಗಳು ಏಕೆ? ಗ್ರಾಹಕವೇ ನೇರವಾಗಿ ವಂಶವಾಹಿಯನ್ನು ಓದಿಸಬಾರದೇ?

ಒಂದು ಕಾರಣ ಹಿಗ್ಗುವಿಕೆ: ಒಂದು ಕೈನೇಸ್ ಹತ್ತಾರು ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸಬಲ್ಲದಾದ್ದರಿಂದ ಪ್ರತಿ ಹಂತದಲ್ಲೂ ಸುದ್ದಿಯ ದನಿ ದೊಡ್ಡದಾಗುತ್ತದೆ. ಆರೋಗ್ಯವಂತ ಸ್ವಯಂಸೇವಕರ ಮೇಲೆ ನಡೆಯುವ ಅಧ್ಯಯನಗಳಲ್ಲಿ ದೇಹತೂಕದ ಪ್ರತಿ ಕಿಲೋಗ್ರಾಂಗೆ 2ರಿಂದ 4 ನ್ಯಾನೋಗ್ರಾಂ ಲೈಪೊಪಾಲಿಸ್ಯಾಕರೈಡ್ ಕೊಟ್ಟರೆ ಸಾಕು, ಒಂದೆರಡು ಗಂಟೆಗಳಲ್ಲಿ ಚಳಿ, ತಲೆನೋವು, ಜ್ವರ ಬರುತ್ತವೆ. ಇನ್ನೊಂದು ಕಾರಣ ಇನ್ನೂ ಮುಖ್ಯವೆಂದು ನಮಗೆ ತೋರುತ್ತದೆ: ಪ್ರತಿ ಹಂತವೂ ತಡೆಹಿಡಿಯಲು, ಕವಲೊಡೆಯಲು, ಬೇರೆ ಪಥದೊಡನೆ ತಾಳೆ ನೋಡಲು ಸಿಗುವ ಒಂದು ಅವಕಾಶ.

ವೈರಸ್ ಕೋಶದೊಳಗೇ ನುಗ್ಗಿದರೆ?

ಕೋಶದ್ರವ್ಯದಲ್ಲೂ ಕಾವಲಿದೆ. ರಿಗ್-ಐ ಎಂಬ ಪ್ರೋಟೀನ್, ತುದಿಯಲ್ಲಿ ಮೂರು ಫಾಸ್ಫೇಟ್‌ಗಳನ್ನು ಹಾಗೆಯೇ ಉಳಿಸಿಕೊಂಡ ಆರ್‌ಎನ್‌ಎಯನ್ನು ಗುರುತಿಸುತ್ತದೆ. ನಮ್ಮ ಸಂದೇಶವಾಹಕ ಆರ್‌ಎನ್‌ಎಯ ಆ ತುದಿಗೆ ಟೊಪ್ಪಿಗೆಯಂಥ ರಚನೆ ಇರುವುದರಿಂದ ಅದು ಸಿಕ್ಕಿಬೀಳುವುದಿಲ್ಲ. ರಿಗ್-ಐನ ಸೋದರನಾದ ಎಂಡಿಎ5 ಉದ್ದನೆಯ ಎರಡೆಳೆಯ ಆರ್‌ಎನ್‌ಎಯನ್ನು ಹಿಡಿಯುತ್ತದೆ. ಇಬ್ಬರೂ ಸುದ್ದಿ ಮುಟ್ಟಿಸುವುದು ಮೈಟೊಕಾಂಡ್ರಿಯದ ಹೊರಮೈಯಲ್ಲಿರುವ ಮ್ಯಾವ್ಸ್ ಎಂಬ ಪ್ರೋಟೀನಿಗೆ. ಅದು ಎಳೆಎಳೆಯಾಗಿ ಗುಂಪುಗೂಡಿ ಇಂಟರ್‌ಫೆರಾನ್ ತಯಾರಿಕೆಗೆ ಚಾಲನೆ ಕೊಡುತ್ತದೆ. ಡೆಂಗಿ ವೈರಸ್, ಅದೇ ಬಳಗಕ್ಕೆ ಸೇರಿದ, 1957ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆಯ ವೈರಸ್, ಇನ್‌ಫ್ಲುಯೆಂಜಾ, ಕೊರೋನಾ ಇವೆಲ್ಲ ಆರ್‌ಎನ್‌ಎ ವೈರಸ್‌ಗಳೇ.

ಡಿಎನ್‌ಎ ವೈರಸ್‌ಗಳಿಗಿರುವ ಕಾವಲು ಬೇರೆ. 2013ರಲ್ಲಿ ಡಲ್ಲಾಸ್‌ನ ಝಿಜಿಯಾನ್ ಚೆನ್ ಅವರ ಪ್ರಯೋಗಾಲಯ ಗುರುತಿಸಿದ ಸಿ-ಗ್ಯಾಸ್ ಎಂಬ ಕಿಣ್ವ ಕೋಶದ್ರವ್ಯದಲ್ಲಿ ಡಿಎನ್‌ಎ ತಗುಲಿದೊಡನೆ ಉಂಗುರಾಕಾರದ ಪುಟ್ಟ ಅಣುವೊಂದನ್ನು ತಯಾರಿಸುತ್ತದೆ. ಓಲೆಕಾರ ಅಪರೂಪ ಎಂದು ಮೇಲೆ ಹೇಳಿದ್ದೆವು. ಆ ಅಪರೂಪದ ಓಲೆಕಾರ ಈ ಅಣು. ಅದು ಸ್ಟಿಂಗ್ ಎಂಬ ಪ್ರೋಟೀನಿಗೆ ಅಂಟುತ್ತದೆ, ಸ್ಟಿಂಗ್ ಟಿಬಿಕೆ1 ಎಂಬ ಕೈನೇಸನ್ನು, ಅದು ಐಆರ್‌ಎಫ್3ನ್ನು ಎಬ್ಬಿಸುತ್ತದೆ. ಇಲ್ಲಿರುವ ಇಕ್ಕಟ್ಟೆಂದರೆ ಸಿ-ಗ್ಯಾಸ್‌ಗೆ ವೈರಸ್‌ನ ಡಿಎನ್‌ಎ, ನಮ್ಮ ಡಿಎನ್‌ಎ ಎಂಬ ಭೇದ ತಿಳಿಯದು. ನಮ್ಮದು ಕೋಶಕೇಂದ್ರದೊಳಗಿರಬೇಕು, ಹೊರಗೆ ಕಂಡದ್ದೆಲ್ಲ ಅನ್ಯ ಎಂಬ ಲೆಕ್ಕದ ಮೇಲೆ ಅದು ನಡೆಯುತ್ತದೆ. ಹೊರಗೆ ಚೆಲ್ಲಿದ ಡಿಎನ್‌ಎಯನ್ನು ಗುಡಿಸಿಹಾಕುವ ಟ್ರೆಕ್ಸ್1 ಎಂಬ ಕಿಣ್ವ ಹುಟ್ಟಿನಿಂದಲೇ ಕೆಟ್ಟಿದ್ದರೆ, ಯಾವ ಸೋಂಕೂ ಇಲ್ಲದ ಮಗುವಿನ ಮಿದುಳಿನಲ್ಲಿ ವೈರಸ್ ಸೋಂಕಿನಂಥದೇ ಹಾನಿ ಕಾಣಿಸಿಕೊಳ್ಳುತ್ತದೆ. ಐಕಾರ್ಡಿ–ಗುಟಿಯೆರ್ ರೋಗ ಎನ್ನುವುದು ಇದನ್ನೇ.

ಇಂಟರ್‌ಫೆರಾನ್ ಪಕ್ಕದ ಕೋಶದಲ್ಲಿ ಏನು ಮಾಡುತ್ತದೆ?

1957ರಲ್ಲಿ ಲಂಡನ್ನಿನಲ್ಲಿ ಅಲಿಕ್ ಐಸಾಕ್ಸ್ ಮತ್ತು ಜಾನ್ ಲಿಂಡೆನ್‌ಮನ್, ನಿಷ್ಕ್ರಿಯಗೊಳಿಸಿದ ಇನ್‌ಫ್ಲುಯೆಂಜಾ ವೈರಸ್ ತಗುಲಿಸಿದ ಕೋಳಿಮೊಟ್ಟೆಯ ಪೊರೆಯಿಂದ ಯಾವುದೋ ವಸ್ತು ಸೋರಿ, ಉಳಿದ ಕೋಶಗಳನ್ನು ವೈರಸ್‌ನಿಂದ ಕಾಯುತ್ತದೆಂದು ಕಂಡುಕೊಂಡರು. ಸೋಂಕು ತಗುಲಿದ ಕೋಶ ತಾನು ಉಳಿಯದಿದ್ದರೂ ನೆರೆಯವರನ್ನು ಎಚ್ಚರಿಸಿ ಹೋಗುತ್ತದೆ. ನೆರೆಕೋಶದ ಗ್ರಾಹಕಕ್ಕೆ ಇಂಟರ್‌ಫೆರಾನ್ ಅಂಟಿದಾಗ, ಅದರ ಬಾಲಕ್ಕೆ ಅಂಟಿಕೊಂಡೇ ಇರುವ ಜಾಕ್ ಬಳಗದ ಎರಡು ಕೈನೇಸ್‌ಗಳು ಸ್ಟ್ಯಾಟ್1, ಸ್ಟ್ಯಾಟ್2 ಎಂಬ ಪ್ರೋಟೀನುಗಳಿಗೆ ಫಾಸ್ಫೇಟ್ ಅಂಟಿಸುತ್ತವೆ. ಅವೆರಡೂ ಐಆರ್‌ಎಫ್9ರ ಜೊತೆ ಸೇರಿ ಕೋಶಕೇಂದ್ರಕ್ಕೆ ಹೋಗಿ ನೂರಾರು ವಂಶವಾಹಿಗಳನ್ನು ಓದಿಸುತ್ತವೆ. ಕೆಲವು ವೈರಸ್‌ನ ಆರ್‌ಎನ್‌ಎಯನ್ನು ಕತ್ತರಿಸುವ, ಕೆಲವು ಕೋಶದ ಪ್ರೋಟೀನ್ ತಯಾರಿಕೆಯನ್ನೇ ನಿಲ್ಲಿಸುವ, ಕೆಲವು ವೈರಸ್ ಒಳಬರುವ ಬಾಗಿಲನ್ನು ಬಿಗಿಗೊಳಿಸುವ ವಂಶವಾಹಿಗಳು. ಟಿಎಲ್‌ಆರ್‌ಗಿಂತ ಈ ಪಥ ಬಹಳ ಗಿಡ್ಡದು, ಬಹುಶಃ ಅದಕ್ಕಾಗಿಯೇ ವೈರಸ್‌ಗಳ ಕಣ್ಣು ಇದರ ಮೇಲೆ. ಡೆಂಗಿ ವೈರಸ್‌ನ ಎನ್‌ಎಸ್5 ಪ್ರೋಟೀನ್ ಸ್ಟ್ಯಾಟ್2ನ್ನು ಚೂರಾಗುವಂತೆ ಮಾಡುತ್ತದೆ. ಅದರ ಇನ್ನೊಂದು ಕಿಣ್ವ ಸ್ಟಿಂಗನ್ನೇ ಕತ್ತರಿಸುತ್ತದೆ. ಇಲಿಯ ಸ್ಟ್ಯಾಟ್2ನ್ನಾಗಲಿ ಸ್ಟಿಂಗನ್ನಾಗಲಿ ಅದು ಹಾಗೆ ಕೆಡಿಸಲಾರದು. ಸಾಮಾನ್ಯ ಇಲಿಗಳಲ್ಲಿ ಡೆಂಗಿ ಸರಿಯಾಗಿ ಬೇರೂರದಿರಲು ಇದೂ ಒಂದು ಕಾರಣ.

ಸೋಂಕೇ ಇಲ್ಲದ ಗೌಟ್ ಎಂಬ ಕೀಲುರೋಗದಲ್ಲಿ ಹೆಬ್ಬೆರಳು ಕೆಂಪಾಗಿ ಊದುವುದೇಕೆ?

ಇನ್‌ಫ್ಲಮಸೋಮ್ ಎಂಬ ಪ್ರೋಟೀನುಗಳ ಕೂಟ ಇದಕ್ಕೆ ಕಾರಣ. ಅದನ್ನು 2002ರಲ್ಲಿ ಸ್ವಿಟ್ಜರ್ಲೆಂಡಿನ ಯೂರ್ಗ್ ಚಾಪ್ ಅವರ ತಂಡ ವಿವರಿಸಿತು. ಇಂಟರ್‌ಲ್ಯೂಕಿನ್-1 ಬೀಟಾ ಬಲು ಉರಿ ಎಬ್ಬಿಸುವ ಸೈಟೊಕೈನ್ ಆದ್ದರಿಂದ ಅದಕ್ಕೆ ಎರಡು ಬೀಗಗಳಿವೆ. ಎನ್‌ಎಫ್-ಕಪ್ಪಾಬಿ ಅದನ್ನು ನಿಷ್ಕ್ರಿಯ ರೂಪದಲ್ಲಷ್ಟೇ ತಯಾರಿಸಿಡುತ್ತದೆ. ಕೋಶಕ್ಕೆ ನಿಜವಾದ ಪೆಟ್ಟು ಬಿದ್ದಿದೆ ಎಂಬ ಎರಡನೆಯ ಸುದ್ದಿ ಬಂದಾಗ ಮಾತ್ರ, ಅಂದರೆ ಒಳಗಿನ ಪೊಟ್ಯಾಸಿಯಂ ಸೋರಿಹೋದಾಗ, ನುಂಗಿದ ಹರಳು ಚೀಲವನ್ನು ಹರಿದಾಗ, ಎನ್‌ಎಲ್‌ಆರ್‌ಪಿ3 ಎಂಬ ಪ್ರೋಟೀನ್ ಗುಂಪುಗೂಡಿ ಕ್ಯಾಸ್ಪೇಸ್-1 ಎಂಬ ಕತ್ತರಿಯನ್ನು ಚುರುಕುಗೊಳಿಸುತ್ತದೆ. ಆ ಕತ್ತರಿ ಇಂಟರ್‌ಲ್ಯೂಕಿನ್ನನ್ನು ಸಕ್ರಿಯ ರೂಪಕ್ಕೆ ಕತ್ತರಿಸುತ್ತದೆ, ಜೊತೆಗೆ ಗ್ಯಾಸ್ಡರ್ಮಿನ್-ಡಿ ಎಂಬ ಪ್ರೋಟೀನನ್ನೂ ಕತ್ತರಿಸುತ್ತದೆ. ಅದರ ತುಣುಕುಗಳು ಕೋಶಪೊರೆಯಲ್ಲಿ ರಂಧ್ರ ಕೊರೆದು ಇಂಟರ್‌ಲ್ಯೂಕಿನ್ ಹೊರಬರಲು ದಾರಿ ಮಾಡುತ್ತವೆ. ಗೌಟ್‌ನಲ್ಲಿ ಕೀಲಿನೊಳಗೆ ಕಟ್ಟಿಕೊಂಡ ಯೂರಿಕ್ ಆಮ್ಲದ ಹರಳುಗಳು ಎನ್‌ಎಲ್‌ಆರ್‌ಪಿ3ನ್ನು ಎಬ್ಬಿಸುತ್ತವೆಂದು 2006ರಲ್ಲಿ ಗೊತ್ತಾಯಿತು. ಕಲ್ಲು ಒಡೆಯುವವರ ಶ್ವಾಸಕೋಶ ಸೇರುವ ಸಿಲಿಕಾ ದೂಳೂ ಇದೇ ಕೂಟವನ್ನು ಕೆರಳಿಸುತ್ತದೆ. ಹರಳನ್ನು ಕೋಶ ಕರಗಿಸಲಾರದಾದ್ದರಿಂದ ಅಲ್ಲಿ ಕೆರಳುವಿಕೆಗೆ ಕೊನೆಯಿಲ್ಲ.

ಜ್ವರವೂ ಈ ಪಥಗಳಿಂದಲೇ ಬರುತ್ತದೆಯೇ?

ಹೌದು. ಟಿಎನ್‌ಎಫ್, ಇಂಟರ್‌ಲ್ಯೂಕಿನ್-1 ಮತ್ತು 6 ಮಿದುಳಿನ ರಕ್ತನಾಳಗಳನ್ನು ಪ್ರಚೋದಿಸಿ ಪ್ರೊಸ್ಟಾಗ್ಲಾಂಡಿನ್ ಇ2 ಎಂಬ ರಾಸಾಯನಿಕ ತಯಾರಾಗುವಂತೆ ಮಾಡುತ್ತವೆ. ಅದು ಮಿದುಳಿನ ಹೈಪೊಥಲಾಮಸ್ ಎಂಬ ಭಾಗ ಕಾಯ್ದುಕೊಳ್ಳುವ ತಾಪಮಾನದ ಮಟ್ಟವನ್ನು ಮೇಲೇರಿಸುತ್ತದೆ. ಪ್ಯಾರಾಸಿಟಮಾಲ್ ಪ್ರೊಸ್ಟಾಗ್ಲಾಂಡಿನ್ನನ್ನು ತಗ್ಗಿಸುತ್ತದೆಯೇ ಹೊರತು ಸೋಂಕನ್ನು ಮುಟ್ಟುವುದಿಲ್ಲ.

ಒಮ್ಮೆ ಶುರುವಾದ ಪ್ರತಿಕ್ರಿಯೆ ನಿಲ್ಲುವುದು ಹೇಗೆ?

ಈ ಪ್ರಶ್ನೆಯನ್ನು ಓದುಗರು ಕೇಳುವುದು ಕಡಿಮೆ, ಆದರೆ ಎಲ್ಲಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಇದು. ಎನ್‌ಎಫ್-ಕಪ್ಪಾಬಿ ಕೋಶಕೇಂದ್ರವನ್ನು ಹೊಕ್ಕ ಮೇಲೆ ಓದಿಸುವ ಮೊದಮೊದಲ ವಂಶವಾಹಿಗಳಲ್ಲಿ ತನ್ನನ್ನೇ ಕಟ್ಟಿಹಾಕುವ ಐಕಪ್ಪಾಬಿಯ ವಂಶವಾಹಿಯೂ ಒಂದು. ಹೊಸದಾಗಿ ತಯಾರಾದ ಕಾವಲಿನ ಪ್ರೋಟೀನ್ ಕೋಶಕೇಂದ್ರಕ್ಕೆ ಬಂದು, ಎನ್‌ಎಫ್-ಕಪ್ಪಾಬಿಯನ್ನು ಡಿಎನ್‌ಎಯಿಂದ ಬಿಡಿಸಿ ಹೊರಗೆ ಕರೆದೊಯ್ಯುತ್ತದೆ. ಹೊರಗಿನ ಪ್ರಚೋದನೆ ಇನ್ನೂ ಇದ್ದರೆ ಅದು ಮತ್ತೆ ಚೂರಾಗುತ್ತದೆ, ಎನ್‌ಎಫ್-ಕಪ್ಪಾಬಿ ಮತ್ತೆ ಒಳಬರುತ್ತದೆ. ಟಿಎನ್‌ಎಫ್ ಕೊಟ್ಟ ಜೀವಂತ ಕೋಶಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಈ ಒಳಹೊರಗಿನ ಓಡಾಟ ಸುಮಾರು 100 ನಿಮಿಷಕ್ಕೊಮ್ಮೆ ನಡೆಯುವುದು ಕಾಣುತ್ತದೆ.

ಎ20 ಎಂಬ ಇನ್ನೊಂದು ಪ್ರೋಟೀನ್ ಮೇಲೆ ಹೇಳಿದ ಯುಬಿಕ್ವಿಟಿನ್ ಸರಗಳ ಅಟ್ಟಣಿಗೆಯನ್ನು ಕಳಚುತ್ತದೆ. ಅದು ಪೂರ್ತಿ ಇಲ್ಲದ ಇಲಿಮರಿಗಳು ಹಲವು ಅಂಗಗಳ ಉರಿಯೂತದಿಂದ ಬೇಗನೆ ಸಾಯುತ್ತವೆ, ಅದರ ವಂಶವಾಹಿಯ ಎರಡು ಪ್ರತಿಗಳಲ್ಲಿ ಒಂದು ಮಾತ್ರ ಕೆಟ್ಟಿರುವ ಮನುಷ್ಯರಲ್ಲಿ ಎಳವೆಯಿಂದಲೇ ಬಾಯಿಹುಣ್ಣು, ಜ್ವರ ಮರುಕಳಿಸುತ್ತವೆ. ಜಾಕ್–ಸ್ಟ್ಯಾಟ್ ಪಥಕ್ಕೆ ಸಾಕ್ಸ್ ಬಳಗದ ಪ್ರೋಟೀನುಗಳು ಕಡಿವಾಣ. ಒಮ್ಮೆ ಲೈಪೊಪಾಲಿಸ್ಯಾಕರೈಡ್ ಕಂಡ ಮ್ಯಾಕ್ರೊಫೇಜ್ (ಅನ್ಯವಸ್ತುವನ್ನು ನುಂಗುವ ಕೋಶ), ಮರುದಿನ ಅದನ್ನೇ ಮತ್ತೆ ಕಂಡಾಗ ಮೊದಲಿನಷ್ಟು ಟಿಎನ್‌ಎಫ್ ಸುರಿಸುವುದಿಲ್ಲ. ಹೊರಗಿನಿಂದ ಒತ್ತುವ ಬ್ರೇಕಿಗೆ ಉದಾಹರಣೆ ಡೆಕ್ಸಾಮೆಥಾಸೋನ್ ಎಂಬ ಸ್ಟೆರಾಯ್ಡ್ ಔಷಧ. ಅದು ಸ್ಟೆರಾಯ್ಡ್ ಗ್ರಾಹಕದ ಮೂಲಕ ಎನ್‌ಎಫ್-ಕಪ್ಪಾಬಿಯ ಕೈ ಕಟ್ಟುತ್ತದೆ. 2020ರ ಜೂನ್‌ನಲ್ಲಿ ಬ್ರಿಟನ್ನಿನ ರಿಕವರಿ ಅಧ್ಯಯನ, ವೆಂಟಿಲೇಟರಿನಲ್ಲಿದ್ದ ಕೋವಿಡ್ ರೋಗಿಗಳ ಸಾವನ್ನು ಇದು ಸುಮಾರು ಮೂರನೆಯ ಒಂದು ಭಾಗದಷ್ಟು ತಗ್ಗಿಸಿತೆಂದು ತಿಳಿಸಿತು. ಆಮ್ಲಜನಕವೇ ಬೇಕಿಲ್ಲದ ರೋಗಿಗಳಿಗೆ ಅದರಿಂದ ಲಾಭ ಕಾಣಲಿಲ್ಲ. ವೈರಸ್ ಇನ್ನೂ ಹೆಚ್ಚುತ್ತಿರುವಾಗ ಬ್ರೇಕ್ ಒತ್ತುವುದಕ್ಕೂ, ವೈರಸ್ ತಗ್ಗಿದ ಮೇಲೂ ಓಡುತ್ತಿರುವ ಉರಿಯೂತಕ್ಕೆ ಬ್ರೇಕ್ ಒತ್ತುವುದಕ್ಕೂ ಇರುವ ವ್ಯತ್ಯಾಸ ಅದು.

ನಂಜು ಮೈಗೆಲ್ಲ ಏರಿದಾಗ ಟಿಎಲ್‌ಆರ್4ನ್ನು ತಡೆದರೆ ಸಾಲದೇ?

ಸಾಲುವುದೆಂದೇ ಬಹಳ ಜನ ನಂಬಿದ್ದರು. ಎರಿಟೊರಾನ್ ಎಂಬ ಔಷಧ ಎಂಡಿ-2ರ ಗುಳಿಯಲ್ಲಿ ತಾನೇ ಕುಳಿತು ಲೈಪೊಪಾಲಿಸ್ಯಾಕರೈಡಿಗೆ ಜಾಗವಿಲ್ಲದಂತೆ ಮಾಡುತ್ತದೆ. ತೀವ್ರ ಸೆಪ್ಸಿಸ್‌ನ, ಅಂದರೆ ಮೈಗೆಲ್ಲ ನಂಜೇರಿದ, ಸುಮಾರು ಎರಡು ಸಾವಿರ ರೋಗಿಗಳ ಮೇಲೆ ನಡೆದ, 2013ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಅದು 28 ದಿನಗಳೊಳಗಿನ ಸಾವನ್ನು ಕಡಿಮೆ ಮಾಡಲಿಲ್ಲ. ನಮ್ಮ ತಿಳಿವಳಿಕೆಯಲ್ಲಿ ಇದಕ್ಕೆ ಸಮಯವೇ ಮುಖ್ಯ ಕಾರಣ: ರೋಗಿ ಆಸ್ಪತ್ರೆ ತಲುಪುವ ಹೊತ್ತಿಗೆ ಮೊದಲ ಸುದ್ದಿ ಯಾವಾಗಲೋ ಮುಟ್ಟಿರುತ್ತದೆ. ಸೆಪ್ಸಿಸ್ ಎನ್ನುವ ಒಂದೇ ಹೆಸರಿನಡಿ ಹಲವು ರೋಗಾಣುಗಳಿವೆ, ಮತ್ತು ಅನೇಕ ರೋಗಿಗಳಲ್ಲಿ ಆ ವೇಳೆಗೆ ಪ್ರತಿಕ್ರಿಯೆ ಕುಸಿದಿರುತ್ತದೆ ಎಂಬುದನ್ನೂ ಸೇರಿಸಿಕೊಳ್ಳಬೇಕು. ಬೇಗನೆ ಕೊಡುವ ಆಂಟಿಬಯಾಟಿಕ್, ಸಲೈನ್ ಮತ್ತು ನಿಗಾ ಇಂದಿಗೂ ಚಿಕಿತ್ಸೆಯ ಬುಡ.

ಪಥದ ಒಂದು ಕೊಂಡಿ ಹುಟ್ಟಿನಿಂದಲೇ ಇಲ್ಲದಿದ್ದರೆ ಏನಾಗುತ್ತದೆ?

ನಿರೀಕ್ಷೆಗಿಂತ ಕಿರಿದಾದ, ಆದರೆ ತೀವ್ರವಾದ ದೌರ್ಬಲ್ಯ ಕಾಣುತ್ತದೆ. ಐರಾಕ್4 ಅಥವಾ ಮೈಡಿ88 ಇಲ್ಲದ ಮಕ್ಕಳಿಗೆ ನ್ಯುಮೊಕಾಕಸ್‌ನಂಥ ಕೀವು ಕಟ್ಟಿಸುವ ಕೆಲವು ಬ್ಯಾಕ್ಟೀರಿಯಾಗಳಿಂದ ಜೀವಾಪಾಯವಿದೆ. ಜ್ವರ ತಡವಾಗಿ ಬರುವುದರಿಂದ ರೋಗ ಪತ್ತೆಯೂ ತಡವಾಗುತ್ತದೆ. ಆದರೆ ಹೆಚ್ಚಿನ ವೈರಸ್‌ಗಳನ್ನು ಅವರು ಎಲ್ಲರಂತೆಯೇ ಎದುರಿಸುತ್ತಾರೆ, ಹದಿಹರೆಯ ದಾಟಿದ ಮೇಲೆ ಸೋಂಕುಗಳೂ ವಿರಳವಾಗುತ್ತವೆ. ಟಿಎಲ್‌ಆರ್3 ಕೆಟ್ಟಿರುವ ಕೆಲವು ಮಕ್ಕಳಿಗೆ ಬೇರೆಲ್ಲ ಸರಿಯಿದ್ದು, ಹರ್ಪಿಸ್ ವೈರಸ್ ಮಾತ್ರ ಮಿದುಳಿಗೇರುತ್ತದೆ. ಕೋವಿಡ್ ಕಾಲದಲ್ಲಿ ಇದೇ ಜಾಡು ಹಿಡಿದ ಝಾಂ-ಲೋರಾಂ ಕಸಾನೊವಾ ಅವರ ಬಳಗ, ಜೀವಾಪಾಯದ ನ್ಯುಮೋನಿಯಾ ಬಂದ 987 ರೋಗಿಗಳಲ್ಲಿ 101 ಮಂದಿಯ ರಕ್ತದಲ್ಲಿ ತಮ್ಮದೇ ಇಂಟರ್‌ಫೆರಾನಿನ ವಿರುದ್ಧ ಪ್ರತಿಕಾಯಗಳಿದ್ದುದನ್ನು 2020ರಲ್ಲಿ ಪ್ರಕಟಿಸಿತು. ಸುದ್ದಿ ಹೊರಟಿತ್ತು, ನೆರೆಮನೆ ತಲುಪಲಿಲ್ಲ.

ಲಸಿಕೆಗಳಿಗೂ ಈ ಪಥಗಳಿಗೂ ಏನು ಸಂಬಂಧ?

ಜೇನ್‌ವೇ ಹೇಳಿದ ಕೊಳಕು ಗುಟ್ಟಿನ ಉತ್ತರ ಇಲ್ಲಿದೆ. ಲಸಿಕೆಗೆ ಬೆರೆಸುವ ಸಹಾಯಕ ವಸ್ತುಗಳಲ್ಲಿ ಹಲವು, ಸಹಜ ವ್ಯವಸ್ಥೆಯ ಗ್ರಾಹಕಗಳನ್ನು ಬೇಕೆಂದೇ ತಟ್ಟುವಂಥವು; ಅದು ಎಚ್ಚೆತ್ತರೆ ಮಾತ್ರ ಆರ್ಜಿತ ವ್ಯವಸ್ಥೆ ಗಂಭೀರವಾಗಿ ಕಲಿಯುತ್ತದೆ. ಹೈದರಾಬಾದಿನ ಭಾರತ್ ಬಯೋಟೆಕ್‌ನ ಕೊವ್ಯಾಕ್ಸಿನ್‌ನಲ್ಲಿ ಅಲ್ಯೂಮಿನಿಯಂ ಲವಣದ ಜೊತೆ ಟಿಎಲ್‌ಆರ್7 ಮತ್ತು 8ನ್ನು ಎಬ್ಬಿಸುವ ಅಣುವಿದೆ. ಅದೇ ನಗರದ ಬಯಾಲಾಜಿಕಲ್ ಇ ತಯಾರಿಸಿದ ಕೋರ್ಬೆವ್ಯಾಕ್ಸ್‌ನಲ್ಲಿ ಟಿಎಲ್‌ಆರ್9ನ್ನು ಎಬ್ಬಿಸುವ ಡಿಎನ್‌ಎ ತುಣುಕಿದೆ. ಸಂದೇಶವಾಹಕ ಆರ್‌ಎನ್‌ಎಯನ್ನೇ ಚುಚ್ಚುವ ಎಂಆರ್‌ಎನ್‌ಎ ಲಸಿಕೆಯ ಕಷ್ಟ ಇದಕ್ಕೆ ತದ್ವಿರುದ್ಧವಾಗಿತ್ತು. ಚುಚ್ಚಿದ ಆರ್‌ಎನ್‌ಎಯನ್ನು ಟಿಎಲ್‌ಆರ್‌ಗಳು ವೈರಸ್ಸೆಂದೇ ಬಗೆದು, ಅದು ಕೆಲಸ ಮಾಡುವ ಮೊದಲೇ ಉರಿಯೂತ ಎಬ್ಬಿಸುತ್ತಿದ್ದವು. ಆರ್‌ಎನ್‌ಎಯ ಘಟಕವಾದ ಯೂರಿಡಿನ್ ಬದಲು ಸ್ಯೂಡೊಯೂರಿಡಿನ್‌ನಂಥ ಮಾರ್ಪಟ್ಟ ಘಟಕಗಳನ್ನು ಬಳಸಿದರೆ ಗ್ರಾಹಕಗಳು ಸುಮ್ಮನಿರುತ್ತವೆಂದು ಕಾಟಲಿನ್ ಕರಿಕೊ ಮತ್ತು ಡ್ರೂ ವೈಸ್‌ಮನ್ 2005ರಲ್ಲಿ ತೋರಿಸಿದರು. 2023ರ ನೊಬೆಲ್ ಅವರಿಗೆ ಬಂತು.

‘ಇಮ್ಯುನಿಟಿ ಹೆಚ್ಚಿಸುವ’ ಪುಡಿ, ಕಷಾಯಗಳು ಈ ಪಥಗಳನ್ನು ಬಲಪಡಿಸುತ್ತವೆಯೇ?

ಯಾವ ಪಥವನ್ನು, ಯಾವ ಹೊತ್ತಿನಲ್ಲಿ, ಎಷ್ಟು ಎಂದು ಆ ಡಬ್ಬಿಗಳ ಮೇಲೆ ಬರೆದಿರುವುದಿಲ್ಲ. ಎನ್‌ಎಫ್-ಕಪ್ಪಾಬಿಯನ್ನು ದಿನವಿಡೀ ಎಬ್ಬಿಸಿಡುವ ವಸ್ತು ನಿಜಕ್ಕೂ ಸಿಕ್ಕರೆ ಅದು ಆರೋಗ್ಯ ತರುವುದಿಲ್ಲ, ಸಂಧಿವಾತದಂಥ ಕಾಯಿಲೆ ತರುತ್ತದೆ. ಅರಿಶಿನದ ಕರ್ಕ್ಯುಮಿನ್ ಪ್ರಯೋಗಾಲಯದ ತಟ್ಟೆಯಲ್ಲಿ ಎನ್‌ಎಫ್-ಕಪ್ಪಾಬಿಯನ್ನು ತಡೆಯುತ್ತದೆ, ಅಂದರೆ ಅದು ‘ಹೆಚ್ಚಿಸುವ’ ವಸ್ತುವೇ ಅಲ್ಲ. ತಿಂದಾಗ ಅದರ ಬಹುಪಾಲು ರಕ್ತಕ್ಕೆ ಸೇರುವುದೂ ಇಲ್ಲ. ಸಾರಿಗೆ ಹಾಕುವ ಅರಿಶಿನಕ್ಕೆ ನಮ್ಮ ತಕರಾರೇನೂ ಇಲ್ಲ. ಪೌಷ್ಟಿಕ ಆಹಾರ, ನಿದ್ದೆ ಮತ್ತು ಲಸಿಕೆಗೆ ಇರುವಷ್ಟು ಪುರಾವೆ ಆ ಡಬ್ಬಿಗಳಿಗೆ ಇಲ್ಲ.

ಸಂಧಿವಾತಕ್ಕೆ ಟಿಎನ್‌ಎಫ್ ತಡೆಯುವ ಚುಚ್ಚುಮದ್ದು ಬರೆದ ವೈದ್ಯರು ಮೊದಲು ಕ್ಷಯದ ಪರೀಕ್ಷೆ ಮಾಡಿಸಿ ಎಂದರು. ಏಕೆ?

ಕ್ಷಯದ ಬ್ಯಾಕ್ಟೀರಿಯಾ ಹೊಕ್ಕ ಎಲ್ಲರಿಗೂ ಕಾಯಿಲೆ ಬರುವುದಿಲ್ಲ. ಮ್ಯಾಕ್ರೊಫೇಜ್‌ಗಳು ಅದರ ಸುತ್ತ ಗಂಟು ಕಟ್ಟಿ ವರ್ಷಗಟ್ಟಲೆ ಅದನ್ನು ಒಳಗೇ ಹಿಡಿದಿಡುತ್ತವೆ. ನಮ್ಮ ದೇಶದಲ್ಲಿ ಇಂಥ ಸುಪ್ತ ಸೋಂಕು ಇರುವವರು ಬಹಳ ಮಂದಿ. ಆ ಗಂಟು ಬಿಚ್ಚಿಹೋಗದಂತೆ ಕಾಯುವ ಸಂಕೇತಗಳಲ್ಲಿ ಟಿಎನ್‌ಎಫ್ ಪ್ರಮುಖವಾದದ್ದು. ಕೀಲುಗಳನ್ನು ತಿನ್ನುತ್ತಿರುವ ಟಿಎನ್‌ಎಫ್‌ಗೂ ಶ್ವಾಸಕೋಶದ ಗಂಟನ್ನು ಕಾಯುತ್ತಿರುವ ಟಿಎನ್‌ಎಫ್‌ಗೂ ವ್ಯತ್ಯಾಸವಿಲ್ಲದ ಕಾರಣ, ಇನ್‌ಫ್ಲಿಕ್ಸಿಮಾಬ್, ಅಡಾಲಿಮುಮಾಬ್‌ನಂಥ ಔಷಧಗಳು ಎರಡನ್ನೂ ತಡೆಯುತ್ತವೆ. ಇನ್‌ಫ್ಲಿಕ್ಸಿಮಾಬ್ ಬಳಕೆಗೆ ಬಂದ ಕೆಲವೇ ವರ್ಷಗಳಲ್ಲಿ ಸುಪ್ತ ಕ್ಷಯ ಮರಳಿ ಏಳುವ ಪ್ರಕರಣಗಳು ವರದಿಯಾದವು. ಜಾಕ್ ತಡೆಯುವ ಟೊಫಾಸಿಟಿನಿಬ್‌ನಂಥ ಮಾತ್ರೆಗಳಿಗೂ ಇದೇ ಎಚ್ಚರಿಕೆ ಅನ್ವಯಿಸುತ್ತದೆ. ಚರ್ಮದ ಅಥವಾ ರಕ್ತದ ಪರೀಕ್ಷೆ ಮತ್ತು ಎದೆಯ ಎಕ್ಸ್‌ರೇಯಲ್ಲಿ ಸುಪ್ತ ಸೋಂಕಿನ ಸುಳಿವು ಕಂಡರೆ, ವೈದ್ಯರು ಮೊದಲು ಅದಕ್ಕೆ ಮಾತ್ರೆ ಆರಂಭಿಸಿ, ಸಾಮಾನ್ಯವಾಗಿ ಒಂದು ತಿಂಗಳಾದರೂ ಕಳೆದ ಮೇಲೆ ಚುಚ್ಚುಮದ್ದು ಕೊಡುತ್ತಾರೆ. ಚುಚ್ಚುಮದ್ದು ಶುರುವಾದ ಮೇಲೆ ವಾರಗಟ್ಟಲೆ ಕೆಮ್ಮು, ಸಂಜೆಯ ಜ್ವರ, ತೂಕ ಇಳಿಕೆ ಕಂಡರೆ ಮುಂದಿನ ಡೋಸ್ ತೆಗೆದುಕೊಳ್ಳುವ ಮೊದಲೇ ಅವರಿಗೆ ತಿಳಿಸಬೇಕು.